ಬಿಡಿ ಫೋಟೋಗಳಿಂದ ಕಿರು ವೀಡಿಯೋ ತಯಾರಿಸುವ ಕ್ರಮ



ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲವನ್ನು ನಮ್ಮಲ್ಲಿ ಹಿರಿಯರು ಮರೆತಿರಲಾರರು. 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರನು ತನ್ನ ಕಾಫಿಯನ್ನು ಪೂಲಿಗೆ ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದನು. ತೋಟ ಯಾರದು, ಕಣ ಎಷ್ಟು ಶುಚಿ, ಹಣ್ಣು ಕೊಯ್ದವರು ಎಷ್ಟು ಎಚ್ಚರ ವಹಿಸಿದರು ಎಂಬ ಸಂಗತಿ ಕಾಫಿ ಕುಡಿಯುವವನ ತನಕ ಹೋಗುತ್ತಿರಲಿಲ್ಲ. 1996ರಲ್ಲಿ ಬೆಳೆಗಾರರೆಲ್ಲರಿಗೂ ತಮ್ಮ ಪೂರ್ತಿ ಬೆಳೆಯನ್ನು ಸ್ವತಂತ್ರವಾಗಿ ಮಾರುವ ಹಕ್ಕು ದೊರೆಯಿತು. ಆದರೆ ಹಕ್ಕು ದೊರೆತ ಮಾತ್ರಕ್ಕೆ ಗಿರಾಕಿ ದೊರೆಯುವುದಿಲ್ಲ. ಇಂದಿಗೂ ನಮ್ಮ ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರು ಮೂಟೆ ಕಟ್ಟಿ ವರ್ತಕರ ಬಾಗಿಲಿಗೆ ಹಾಕಿ, ಅವರು ಹೇಳಿದ ದರಕ್ಕೆ ತಲೆಯಾಡಿಸಿ ಬರುವವರೇ.

ಈಚಿನ ವರ್ಷಗಳಲ್ಲಿ ನಮ್ಮ ಕೆಲವು ಸದಸ್ಯರು ತಮ್ಮ ಬೆಳೆಯ ಒಂದು ಪಾಲನ್ನು ಹುರಿಸಿ, ಪುಡಿ ಮಾಡಿಸಿ, ಕಾಲು ಕಿಲೋ, ಅರ್ಧ ಕಿಲೋ ಪೊಟ್ಟಣಗಳಲ್ಲಿ ಮೊಬೈಲು ಮೂಲಕವೇ ಮಾರತೊಡಗಿದ್ದಾರೆ. ಕಾಳುಮೆಣಸು, ಜೇನು, ಅಡಿಕೆ ಹಾಳೆಯ ತಟ್ಟೆಗಳನ್ನೂ ಹೀಗೆ ಮಾರುವವರಿದ್ದಾರೆ. ಇವರಲ್ಲಿ ಹಲವರು ನಮ್ಮ ಕಚೇರಿಗೆ ಬಂದು ಕೇಳುವ ಪ್ರಶ್ನೆ ಒಂದೇ: “ಫೋಟೋ ಹಾಕಿದ್ದೇವೆ, ನೋಡುವವರೇ ಇಲ್ಲ. ಎಲ್ಲರೂ ವೀಡಿಯೋ ಹಾಕಿ ಅನ್ನುತ್ತಾರೆ. ನಮಗೆ ಕ್ಯಾಮರಾದವರನ್ನು ಕರೆಸುವ ಶಕ್ತಿ ಎಲ್ಲಿದೆ?” ಕರೆಸುವ ಅಗತ್ಯವಿಲ್ಲ. ತಮ್ಮ ಮೊಬೈಲಿನಲ್ಲಿ ಈಗಾಗಲೇ ಇರುವ ಫೋಟೋಗಳಿಂದಲೇ ಹದಿನೈದು ಇಪ್ಪತ್ತು ಸೆಕೆಂಡಿನ ಒಳ್ಳೆಯ ವೀಡಿಯೋ ಮಾಡಬಹುದು. ಅದರ ಕ್ರಮವನ್ನು ಈ ಪಾಠದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ವೀಡಿಯೋ ಏಕೆ ಬೇಕು?

ಅಮೆಜಾನ್‌ನಂತಹ ಆನ್‌ಲೈನ್ ಅಂಗಡಿಯಲ್ಲಿ ಸರಕು ಇಡಬೇಕಾದರೆ ಮುಖ್ಯ ಫೋಟೋದ ಹಿನ್ನೆಲೆ ಅಚ್ಚ ಬಿಳಿ ಇರಬೇಕೆಂದು ನಿಯಮವಿದೆ. ಅದು ಅಂಗಡಿಯ ಬೀರುವಿನಲ್ಲಿ ಇಟ್ಟ ಪೊಟ್ಟಣದಂತೆ. ಕಾಫಿ ಪುಡಿ ಬೇಕೆಂದು ಹುಡುಕಿಕೊಂಡು ಬಂದವನಿಗೆ ಅಷ್ಟು ಸಾಕು. ಆದರೆ ಇನ್‌ಸ್ಟಾಗ್ರಾಂ, ಯೂಟ್ಯೂಬ್, ಫೇಸ್‌ಬುಕ್ಕುಗಳಲ್ಲಿ ಜನರು ಏನನ್ನೂ ಕೊಳ್ಳಲು ಬಂದವರಲ್ಲ. ಅದು ಜಾತ್ರೆಯ ಬೀದಿ ಇದ್ದ ಹಾಗೆ. ನಡೆದು ಹೋಗುವವನನ್ನು ಒಂದು ಗಳಿಗೆ ನಿಲ್ಲಿಸಿದರೆ ಮಾತ್ರ ನಮ್ಮ ಸರಕು ಅವನ ಕಣ್ಣಿಗೆ ಬೀಳುತ್ತದೆ.

2020ರ ಜೂನ್ 29ರಂದು ಭಾರತ ಸರಕಾರವು ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿತು. ಅದರ ಬೆನ್ನಿಗೇ ಜುಲೈಯಲ್ಲಿ ಇನ್‌ಸ್ಟಾಗ್ರಾಂ ಸಂಸ್ಥೆಯು ‘ರೀಲ್ಸ್’ ಎಂಬುದನ್ನು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಸಂಸ್ಥೆಯು ‘ಶಾರ್ಟ್ಸ್’ ಎಂಬುದನ್ನು ನಮ್ಮ ದೇಶದಲ್ಲಿ ಪ್ರಾರಂಭಿಸಿದವು. ಎರಡೂ ಮೊಬೈಲನ್ನು ನೆಟ್ಟಗೆ ಹಿಡಿದು ನೋಡುವ ಕಿರು ವೀಡಿಯೋಗಳೇ. ಇವುಗಳ ಒಂದು ವಿಶೇಷವೆಂದರೆ, ನಮ್ಮನ್ನು ಈ ಮೊದಲು ಅರಿಯದವರಿಗೂ ಇವು ಕಾಣಸಿಗುತ್ತವೆ. ಬರಿಯ ಫೋಟೋ ಬಹುಮಟ್ಟಿಗೆ ನಮ್ಮ ಪರಿಚಯದವರ ಬಳಗದಲ್ಲೇ ಸುತ್ತಿಕೊಂಡಿರುತ್ತದೆ. ಸಣ್ಣ ಬೆಳೆಗಾರನಿಗೆ ಬೇಕಾದುದು ಬಳಗದ ಆಚೆಯ ಗಿರಾಕಿ.

ನಿಂತ ಚಿತ್ರ ಚಲಿಸುವುದು ಹೇಗೆ?

ಇದು ಹೊಸ ವಿದ್ಯೆಯೇನೂ ಅಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಡ್ಜ್ ಎಂಬಾತನು ಓಡುವ ಕುದುರೆಯ ಬಿಡಿ ಫೋಟೋಗಳನ್ನು ಸಾಲಾಗಿ ತೆಗೆದನು. ಅವನ್ನು ಒಂದರ ಹಿಂದೊಂದು ತೋರಿಸಿದಾಗ ಕುದುರೆ ಓಡಿದಂತೆಯೇ ಕಂಡಿತು. ಸಿನಿಮಾದ ಬೇರು ಇದೇ. ಮುಂದೆ 1957ರಲ್ಲಿ ಕೆನಡದ ರಾಷ್ಟ್ರೀಯ ಚಲನಚಿತ್ರ ಮಂಡಳಿಯು, ಚಿನ್ನದ ಆಸೆಗೆ ಜನ ಮುತ್ತಿದ ಡಾಸನ್ ಎಂಬ ಊರಿನ ಹಳೆಯ ಫೋಟೋಗಳ ಮೇಲೆ ಕ್ಯಾಮರಾವನ್ನು ಮೆಲ್ಲನೆ ಸರಿಸುತ್ತ ‘ಸಿಟಿ ಆಫ್ ಗೋಲ್ಡ್’ ಎಂಬ ಸಾಕ್ಷ್ಯಚಿತ್ರ ಮಾಡಿತು. ಅದರಲ್ಲಿ ಫೋಟೋ ಕದಲುವುದಿಲ್ಲ, ನೋಡುವ ಕಣ್ಣು ಕದಲುತ್ತದೆ.

ಆದುದರಿಂದ ನಮಗೆ ಬೇಕಾದ ಉಪಾಯಗಳು ಎರಡೇ. ಒಂದು, ಫೋಟೋಗಳನ್ನು ಅರ್ಥವಾಗುವ ಅನುಕ್ರಮದಲ್ಲಿ ಜೋಡಿಸುವುದು. ಎರಡು, ಒಂದೊಂದು ಫೋಟೋದ ಮೇಲೂ ದೃಷ್ಟಿಯನ್ನು ಮೆಲ್ಲಗೆ ಹತ್ತಿರಕ್ಕೆ ಒಯ್ಯುವುದು ಅಥವಾ ಪಕ್ಕಕ್ಕೆ ಸರಿಸುವುದು. ಉಳಿದುದೆಲ್ಲ ಒಗ್ಗರಣೆ.

ಯಾವ ಫೋಟೋಗಳು ಬೇಕು?

ಪೊಟ್ಟಣದ ಫೋಟೋ ಒಂದನ್ನೇ ಎಂಟು ಮಗ್ಗುಲಿನಿಂದ ತೆಗೆದು ಜೋಡಿಸಿದರೆ ಅದು ವೀಡಿಯೋ ಆಗದು. ದೂರದ ಊರಿನಲ್ಲಿ ಕುಳಿತ ಗಿರಾಕಿಗೆ ಪುಡಿಯನ್ನು ಮೂಸಿ ನೋಡಲಿಕ್ಕಿಲ್ಲ, ಬೀಜವನ್ನು ಕಚ್ಚಿ ನೋಡಲಿಕ್ಕಿಲ್ಲ. ಅವನ ಮನಸ್ಸಿನಲ್ಲಿ ಮೂರು ಸಂದೇಹಗಳಿರುತ್ತವೆ. ಇದು ನಿಜವಾಗಿ ತೋಟದವರದೇ? ಶುಚಿಯಾಗಿ ಮಾಡಿದ್ದಾರೆಯೇ? ನನ್ನ ಮನೆಗೆ ಬರುವುದು ಇದೇ ಸರಕೇ? ನಮ್ಮ ಫೋಟೋಗಳು ಈ ಮೂರಕ್ಕೆ ಉತ್ತರ ಕೊಡಬೇಕು. ಕಾಫಿ ಪುಡಿಗೆ ಈ ಎಂಟು ಫೋಟೋಗಳು ಸಾಕು:

1. ಲೋಟದಿಂದ ಬಟ್ಟಲಿಗೆ ನೊರೆಯೆದ್ದು ಬೀಳುತ್ತಿರುವ ಕಾಫಿ, ಬಹಳ ಹತ್ತಿರದಿಂದ.
2. ಗಿಡದ ಮೇಲೆ ಹಣ್ಣಾದ ಕಾಫಿಯ ಗೊಂಚಲು.
3. ಹಣ್ಣು ಕೊಯ್ಯುತ್ತಿರುವ ಕೈಗಳು, ಬುಟ್ಟಿಯ ಸಮೇತ.
4. ಕಣದಲ್ಲಿ ಹರವಿದ ಕಾಫಿ, ಅಡ್ಡವಾಗಿ ತೆಗೆದದ್ದು.
5. ಅಂಗೈಯಲ್ಲಿ ಹಿಡಿದ ಹಸಿ ಬೀಜ.
6. ಹುರಿದ ಬೀಜ, ಬಣ್ಣ ಚೆನ್ನಾಗಿ ಕಾಣುವಂತೆ.
7. ಫಿಲ್ಟರಿನಲ್ಲಿ ಹಾಕಿದ ಪುಡಿ, ಅಥವಾ ಇಳಿಯುತ್ತಿರುವ ಡಿಕಾಕ್ಷನ್.
8. ಪೊಟ್ಟಣ, ಹೆಸರು, ತೂಕ, ಹುರಿದ ದಿನಾಂಕ ಓದಲು ಬರುವಂತೆ.

ಕುಡಿಯುವ ಕಾಫಿಯನ್ನೇ ಮೊದಲು ಇಟ್ಟಿರುವುದಕ್ಕೆ ಕಾರಣವಿದೆ. ನೋಡುವವನ ಬೆರಳು ಪರದೆಯನ್ನು ಮೇಲಕ್ಕೆ ತಳ್ಳಲು ಸಿದ್ಧವಾಗಿಯೇ ಇರುತ್ತದೆ. ಮೊದಲ ಎರಡು ಸೆಕೆಂಡಿನಲ್ಲಿ ಅವನು ನಿಲ್ಲದಿದ್ದರೆ ಮುಂದಿನ ಏಳು ಫೋಟೋಗಳು ವ್ಯರ್ಥ. ಸಂಸ್ಥೆಯ ಹೆಸರು, ಗಣಪತಿಯ ಚಿತ್ರ, ಸ್ವಾಗತದ ಮಾತು ಇವುಗಳಿಂದ ಪ್ರಾರಂಭಿಸುವುದು ನಮ್ಮ ಪದ್ಧತಿ. ಆಮಂತ್ರಣ ಪತ್ರಿಕೆಗೆ ಅದು ಸರಿ, ಇಲ್ಲಿಗೆ ಸಲ್ಲದು.

ಹಾಳೆ ತಟ್ಟೆಯಾದರೆ ಇದೇ ಕ್ರಮವನ್ನು ಹೀಗೆ ಬದಲಿಸಬಹುದು: ಬಡಿಸಿದ ತಟ್ಟೆ, ಮರದ ಬುಡದಲ್ಲಿ ಉದುರಿದ ಹಾಳೆ, ಹಾಳೆ ತೊಳೆಯುವುದು, ಅಚ್ಚಿನ ಯಂತ್ರ, ಅಚ್ಚಿನಿಂದ ಬಂದ ತಟ್ಟೆ, ಅಂಚಿನ ದಪ್ಪ ಕಾಣುವ ಹತ್ತಿರದ ಚಿತ್ರ, ಅಳತೆಪಟ್ಟಿಯ ಪಕ್ಕದಲ್ಲಿ ಇಟ್ಟ ತಟ್ಟೆ, ಕಟ್ಟು. ಅಳತೆಯ ಚಿತ್ರವನ್ನು ಬಿಡಬಾರದು. ಹತ್ತು ಅಂಗುಲದ್ದೆಂದು ಭಾವಿಸಿ ಆರು ಅಂಗುಲದ ತಟ್ಟೆ ಕೈಗೆ ಬಂದಾಗ ಗಿರಾಕಿ ಹಿಂತಿರುಗಿಸುತ್ತಾನೆ. ಹೋಗಿಬರುವ ಸಾಗಣೆಯ ವೆಚ್ಚ ನಮ್ಮ ತಲೆಯ ಮೇಲೆ ಬೀಳುತ್ತದೆ.

ಫೋಟೋ ತೆಗೆಯುವಾಗ

ಮೊಬೈಲಿನ ಹಿಂಬದಿಯ ಗಾಜನ್ನು ಹತ್ತಿಯ ಬಟ್ಟೆಯಿಂದ ಒರೆಸಬೇಕು. ತೋಟದ ಕೈಯ ಎಣ್ಣೆಜಿಡ್ಡು ಗಾಜಿಗೆ ಮೆತ್ತಿದರೆ ಎಂತಹ ಮೊಬೈಲಾದರೂ ಮಬ್ಬು ಚಿತ್ರವನ್ನೇ ಕೊಡುತ್ತದೆ. ಫ್ಲ್ಯಾಶ್ ಬಳಸಕೂಡದು. ಹುರಿದ ಬೀಜದ ಮೇಲೆ ಅದು ಬಿಳಿ ಚುಕ್ಕೆ ಮೂಡಿಸಿ ಬಣ್ಣ ಕೆಡಿಸುತ್ತದೆ. ಬೆಳಗಿನ ಹೊತ್ತು ಜಗಲಿಯಲ್ಲಿ ಅಥವಾ ಕಿಟಕಿಯ ಪಕ್ಕದಲ್ಲಿ ಬೀಳುವ ತಂಪಾದ ಬೆಳಕು ಎಲ್ಲಕ್ಕಿಂತ ಉತ್ತಮ. ಬೆಳಕು ಒಂದು ಪಕ್ಕದಿಂದ ಬರಲಿ. ಇನ್ನೊಂದು ಪಕ್ಕದ ನೆರಳು ಕಪ್ಪಾಗಿದ್ದರೆ ಅಲ್ಲಿ ಒಂದು ಬಿಳಿ ಪಂಚೆಯನ್ನೋ ದಪ್ಪ ಬಿಳಿ ಕಾಗದವನ್ನೋ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಣದ ಫೋಟೋ ತೆಗೆದರೆ ಹರವಿದ ಪಾರ್ಚ್‌ಮೆಂಟ್ ಸುಣ್ಣದಂತೆ ಬೆಳ್ಳಗಾಗಿ ಕಾಣುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ತೆಗೆಯುವುದು ಲೇಸು.

ಪೊಟ್ಟಣದ ಹಿಂದೆ ಗೊಬ್ಬರದ ಚೀಲ, ಔಷಧಿ ಹೊಡೆಯುವ ಪಂಪು ಕಾಣದಂತೆ ನೋಡಿಕೊಳ್ಳಬೇಕು. ಕೆಲಸಗಾರರ ಮುಖ ತೋರಿಸುವುದಾದರೆ ಅವರನ್ನು ಕೇಳಿಯೇ ತೆಗೆಯಬೇಕು. ಕೇಳದೆ ತೆಗೆದು ಊರಿಗೆಲ್ಲ ತೋರಿಸುವುದು ಮರ್ಯಾದೆಯಲ್ಲ.

ಅಳತೆಯ ಲೆಕ್ಕ

ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ಪ್ರಾರ್ಥನೆ. ಹೆಚ್ಚಿನವರ ವೀಡಿಯೋ ಮಬ್ಬಾಗುವುದು ಇಲ್ಲಿ.

ನೆಟ್ಟಗಿನ ವೀಡಿಯೋದ ಅಗಲ 1080 ಪಿಕ್ಸೆಲ್, ಎತ್ತರ 1920 ಪಿಕ್ಸೆಲ್. ಅಂದರೆ 9ಕ್ಕೆ 16ರ ಪ್ರಮಾಣ. ಪಿಕ್ಸೆಲ್ ಎಂದರೆ ಚಿತ್ರವನ್ನು ಕೂಡಿಸಿದ ಒಂದೊಂದು ಚುಕ್ಕೆ. ಸಾಧಾರಣ 12 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ ನೆಟ್ಟಗೆ ತೆಗೆದ ಫೋಟೋ 3000 ಅಗಲ, 4000 ಎತ್ತರ ಇರುತ್ತದೆ. ಅದರಿಂದ 9ಕ್ಕೆ 16ರ ತುಂಡು ಕತ್ತರಿಸಿದರೆ 2250 ಅಗಲ, 4000 ಎತ್ತರ ಸಿಗುತ್ತದೆ. ನಮಗೆ ಬೇಕಾದದ್ದು 1080 ಅಗಲ ಮಾತ್ರ. ಎಂದರೆ ಚಿತ್ರವನ್ನು ಎರಡು ಪಟ್ಟು ಹತ್ತಿರಕ್ಕೆ ಎಳೆದರೂ ಚುಕ್ಕೆಗಳು ಸಾಲುತ್ತವೆ.

ಅಡ್ಡವಾಗಿ ತೆಗೆದ ಕಣದ ಫೋಟೋ 4000 ಅಗಲ, 3000 ಎತ್ತರ. ಇದರಲ್ಲಿ ನಮ್ಮ ನೆಟ್ಟಗಿನ ಕಿಂಡಿಗೆ ಒಂದು ಸಲಕ್ಕೆ ಕಾಣುವುದು ಸುಮಾರು 1687 ಅಗಲ. ಉಳಿದ ಅಗಲದ ಮೇಲೆ ಕಿಂಡಿಯನ್ನು ಎಡದಿಂದ ಬಲಕ್ಕೆ ಸರಿಸಬಹುದು. ಕಣದ ಉದ್ದಕ್ಕೂ ನಡೆದು ಹೋದಂತೆ ತೋರುತ್ತದೆ. ನಾಲ್ಕನೆಯ ಫೋಟೋವನ್ನು ಅಡ್ಡ ತೆಗೆಯಬೇಕೆಂದು ಹೇಳಿದ್ದು ಇದಕ್ಕಾಗಿಯೇ.

ಈಗ ವಾಟ್ಸಾಪಿನ ಸಂಗತಿ. ಮಗನೋ ಮಗಳೋ ಬೆಂಗಳೂರಿನಲ್ಲಿದ್ದಾರೆ, ಅವರು ವೀಡಿಯೋ ಮಾಡಿಕೊಡುತ್ತಾರೆ ಎಂದು ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳುಹಿಸುವವರು ಹಲವರು. ಸಾದಾ ರೀತಿಯಲ್ಲಿ ಕಳುಹಿಸಿದರೆ ಅದು ಫೋಟೋವನ್ನು ಕುಗ್ಗಿಸಿಬಿಡುತ್ತದೆ. ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್ಲಿಗೆ ಇಳಿಯುವುದುಂಟು. ಅದರಿಂದ ಕತ್ತರಿಸಿದ ತುಂಡು 900 ಅಗಲ ಮಾತ್ರ. ಬೇಕಾದ 1080ಕ್ಕೇ ಅದು ಸಾಲದು, ಇನ್ನು ಹತ್ತಿರಕ್ಕೆ ಎಳೆಯುವುದು ಎಲ್ಲಿಂದ? ಆದುದರಿಂದ ಫೋಟೋಗಳನ್ನು ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸತಕ್ಕದ್ದು. ಆಗ ಮೂಲ ಅಳತೆಯೇ ತಲುಪುತ್ತದೆ.

ಜೋಡಿಸುವ ಕ್ರಮ

ಇನ್‌ಶಾಟ್, ಕೈನ್‌ಮಾಸ್ಟರ್, ಕ್ಯಾನ್ವಾ, ಯೂಟ್ಯೂಬ್ ಕ್ರಿಯೇಟ್ ಮುಂತಾದ ಆಪ್‌ಗಳಲ್ಲಿ ಯಾವುದಾದರೂ ಆದೀತು. ಹೆಸರು ಬೇರೆ ಇದ್ದರೂ ಕೆಲಸದ ಕ್ರಮ ಒಂದೇ.

ಮೊದಲು ಹೊಸ ಯೋಜನೆ ತೆರೆದು 9:16 ಪ್ರಮಾಣವನ್ನು ಆರಿಸಿಕೊಳ್ಳಿ. ಎಂಟು ಫೋಟೋಗಳನ್ನು ಮೇಲೆ ಹೇಳಿದ ಅನುಕ್ರಮದಲ್ಲಿ ಸೇರಿಸಿ. ಮೊದಲ ಏಳಕ್ಕೆ ತಲಾ 2 ಸೆಕೆಂಡು, ಕೊನೆಯ ಪೊಟ್ಟಣದ ಫೋಟೋಕ್ಕೆ ಓದಲು ಸಮಯ ಬೇಕಾದ್ದರಿಂದ 3 ಸೆಕೆಂಡು ಕೊಡಿ. ಒಟ್ಟು 17 ಸೆಕೆಂಡು. ಯೂಟ್ಯೂಬ್ ಶಾರ್ಟ್ಸ್ 2024ರ ಅಕ್ಟೋಬರಿನಿಂದ 3 ನಿಮಿಷದ ತನಕವೂ ಇರಬಹುದು. ಆದರೆ ಮನೆ ದೊಡ್ಡದಿದೆಯೆಂದು ಬೇಡದ ಸಾಮಾನು ತುಂಬುವವರುಂಟೆ?

ಬಳಿಕ ಚಲನೆ. ಪ್ರತಿ ಫೋಟೋವನ್ನೂ 100ರಿಂದ ಪ್ರಾರಂಭಿಸಿ 110 ಅಥವಾ 115ರ ತನಕ ಮೆಲ್ಲನೆ ಹಿಗ್ಗಿಸಿದರೆ ಸಾಕು. ಕಣದ ಫೋಟೋವನ್ನು ಮಾತ್ರ ಪಕ್ಕಕ್ಕೆ ಸರಿಸಿ. ಪೊಟ್ಟಣದ ಫೋಟೋ ಕದಲದೆ ನಿಲ್ಲಲಿ. ಫೋಟೋ ತಿರುಗುವುದು, ಪುಟ ಮಗುಚುವುದು, ನಕ್ಷತ್ರ ಉದುರುವುದು ಮುಂತಾದ ಆಟಗಳು ಆಪ್‌ನಲ್ಲಿ ಬೇಕಾದಷ್ಟಿವೆ. ಮದುವೆಯ ಆಲ್ಬಮ್ಮಿಗೆ ಅವು ಒಪ್ಪಬಹುದು. ನಮಗೆ ಒಂದು ಫೋಟೋ ಮುಗಿದು ಇನ್ನೊಂದು ನೇರವಾಗಿ ಬಂದರೆ ಅದೇ ಚೆಂದ.

ಮೂರನೆಯದು ಅಕ್ಷರ. ಬಸ್ಸಿನಲ್ಲಿ, ಕಚೇರಿಯಲ್ಲಿ ನೋಡುವವರು ಧ್ವನಿಯನ್ನು ಮುಚ್ಚಿಯೇ ನೋಡುತ್ತಾರೆ. ಆದುದರಿಂದ ಪ್ರತಿ ಫೋಟೋಕ್ಕೂ ನಾಲ್ಕಾರು ಪದಗಳ ಒಂದು ಸಾಲು ಇರಲಿ: “ಹಣ್ಣಾದದ್ದನ್ನು ಮಾತ್ರ ಕೊಯ್ದದ್ದು”, “ಕಣದಲ್ಲಿ ಬಿಸಿಲಿಗೆ ಒಣಗಿಸಿದ್ದು”, “ಚಿಕೋರಿ ಇಲ್ಲ”. ಎರಡು ಸೆಕೆಂಡಿನಲ್ಲಿ ಓದಿ ಮುಗಿಸಲಾಗದ ಸಾಲನ್ನು ಬರೆಯಬಾರದು. ಪರದೆಯ ಕೆಳಗಿನ ಕಾಲು ಭಾಗದಲ್ಲಿ ಖಾತೆಯ ಹೆಸರೂ ವಿವರಣೆಯೂ ಬರುತ್ತವೆ. ಬಲ ಅಂಚಿನಲ್ಲಿ ಗುಂಡಿಗಳು ಬರುತ್ತವೆ. ಅಲ್ಲಿ ಬರೆದ ಅಕ್ಷರ ಮುಚ್ಚಿಹೋಗುವುದರಿಂದ ನಡುಭಾಗದಲ್ಲೇ ಬರೆಯುವುದು ಕ್ಷೇಮ.

ನಾಲ್ಕನೆಯದು ಧ್ವನಿ. ಸಿನಿಮಾ ಹಾಡನ್ನು ಎಲ್ಲಿಂದಲೋ ತಂದು ಹಾಕುವುದು ಬೇಡ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅದಕ್ಕೆ ಹಕ್ಕುದಾರರಿದ್ದಾರೆ. ವ್ಯಾಪಾರಕ್ಕೆ ಬಳಸಿದಾಗ ವೀಡಿಯೋದ ಧ್ವನಿಯನ್ನೇ ಅಳಿಸುವುದುಂಟು, ವೀಡಿಯೋವನ್ನೇ ತೆಗೆದುಹಾಕುವುದೂ ಉಂಟು. ಯೂಟ್ಯೂಬಿನ ಆಡಿಯೋ ಲೈಬ್ರರಿಯಲ್ಲಿ ಬಳಕೆಗೆ ಬಿಟ್ಟ ಸಂಗೀತ ದೊರೆಯುತ್ತದೆ. ಅದಕ್ಕಿಂತ ಒಳ್ಳೆಯದು ತಮ್ಮದೇ ಮಾತು. ಮನೆಯ ಹೆಣ್ಣುಮಕ್ಕಳು ನಮ್ಮ ಸೀಮೆಯ ಕನ್ನಡದಲ್ಲೇ ನಾಲ್ಕು ಮಾತು ಹೇಳಿದರೆ, ಹೊರ ಊರಿನಲ್ಲಿ ನೆಲೆಸಿದ ನಮ್ಮವರ ಕಿವಿ ತಾನಾಗಿ ನೆಟ್ಟಗಾಗುತ್ತದೆ.

ಕೊನೆಗೆ 1080ರ ಅಳತೆಯಲ್ಲಿ, ಸೆಕೆಂಡಿಗೆ 30 ಚಿತ್ರದಂತೆ ಉಳಿಸಿ. ಇಂತಹ 17 ಸೆಕೆಂಡಿನ ವೀಡಿಯೋ ಸಾಮಾನ್ಯವಾಗಿ ಇಪ್ಪತ್ತು ಎಂಬಿಯ ಆಸುಪಾಸಿನಲ್ಲಿರುತ್ತದೆ. ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೆ ಪೇಟೆಗೆ ಬಂದ ದಿನ ಏರಿಸಿದರಾಯಿತು.

ಬೆಳ್ಳಗಿರುವುದೆಲ್ಲ ಹಾಲಲ್ಲ

ಚಿತ್ರ ಚೆನ್ನಾಗಿ ಮಾಡಲು ಕಲಿತವನಿಗೆ ಒಂದು ಆಸೆ ಹುಟ್ಟುತ್ತದೆ: ಇದ್ದುದಕ್ಕಿಂತ ಚೆನ್ನಾಗಿ ತೋರಿಸೋಣ ಎಂದು. ನಮಗೆ ತಿಳಿದ ಒಬ್ಬ ಬೆಳೆಗಾರರು ಅಂತರ್ಜಾಲದಿಂದ ಇಳಿಸಿಕೊಂಡ ದಪ್ಪ ಮೆಣಸಿನ ಚಿತ್ರ ಹಾಕಿ, ಕಳುಹಿಸಿದ್ದು ಮಾತ್ರ ತಮ್ಮ ತೋಟದ ಸಾಧಾರಣ ಮೆಣಸು. ಮೆಣಸಿನ ಗುಣದಲ್ಲಿ ಕೊರತೆ ಇರಲಿಲ್ಲ. ಆದರೂ “ತೋರಿಸಿದ್ದೇ ಒಂದು, ಕೊಟ್ಟದ್ದೇ ಒಂದು” ಎಂದು ಗಿರಾಕಿಗಳು ಬರೆದ ಮಾತು ಅಲ್ಲೇ ಉಳಿಯಿತು, ಹೊಸಬರೆಲ್ಲ ಅದನ್ನೇ ಓದಿದರು. ವರ್ತಕನಲ್ಲಿ ಒಮ್ಮೆ ಮಾತು ಕೆಟ್ಟರೆ ಮರುವರ್ಷ ಸರಿಹೋದೀತು. ಇಲ್ಲಿ ಹಾಗಲ್ಲ.

ಈಗ ಒಂದೇ ಫೋಟೋ ಕೊಟ್ಟರೆ ಕೃತಕ ಬುದ್ಧಿಮತ್ತೆಯೇ ಅದನ್ನು ಚಲಿಸುವ ವೀಡಿಯೋ ಮಾಡಿಕೊಡುವ ಸಾಧನಗಳು ಬಂದಿವೆ. ಲೋಟದಿಂದ ಹಬೆ ಏಳುವಂತೆ ಮಾಡಲು ಅಡ್ಡಿಯಿಲ್ಲ. ಆದರೆ ಅದು ಪೊಟ್ಟಣದ ಮೇಲಿನ ಕನ್ನಡ ಅಕ್ಷರಗಳನ್ನು ಕೆಡಿಸುವುದುಂಟು, ಬೀಜದ ಗಾತ್ರ, ಬಣ್ಣ ಬದಲಿಸುವುದುಂಟು, ಇಲ್ಲದ ತೋಟವನ್ನೇ ಸೃಷ್ಟಿಸುವುದುಂಟು. ಸರಕಿನ ರೂಪ ಬದಲಾದ ವೀಡಿಯೋವನ್ನು ಬಳಸಬಾರದು. ನಿಜವೆಂದು ತೋರುವಂತೆ ಕೃತಕವಾಗಿ ಮಾಡಿದ್ದನ್ನು ಏರಿಸುವಾಗ ಅದನ್ನು ತಿಳಿಸಬೇಕೆಂದು ಯೂಟ್ಯೂಬಿನ ನಿಯಮವೂ ಇದೆ.

ಕಾಯಿದೆಯ ಕೆಲವು ಅಂಶಗಳನ್ನೂ ಗಮನದಲ್ಲಿಡಬೇಕು. ಕಾಫಿ ಮತ್ತು ಚಿಕೋರಿ ಮಿಶ್ರಣವಾದರೆ ಅದರಲ್ಲಿ ಕಾಫಿಯ ಅಂಶ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು. ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು. ಮಿಶ್ರಣ ಮಾರುವವರು ವೀಡಿಯೋದಲ್ಲಿ “ಅಪ್ಪಟ ಕಾಫಿ” ಎನ್ನುವಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ, ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಪೊಟ್ಟಣದ ಮೇಲೆ ಇರಬೇಕು. ಕೊಡಗು ಅರೇಬಿಕ, ಚಿಕ್ಕಮಗಳೂರು ಅರೇಬಿಕ, ಬಾಬಾಬುಡನ್‌ಗಿರಿ ಅರೇಬಿಕ ಕಾಫಿಗಳಿಗೂ ಶಿರಸಿ ಸುಪಾರಿಗೂ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆ ಹೆಸರನ್ನೂ ಮುದ್ರೆಯನ್ನೂ ಬಳಸಲು ಬೆಳೆಗಾರನು ಅಧಿಕೃತ ಬಳಕೆದಾರನೆಂದು ನೋಂದಾಯಿಸಿಕೊಂಡಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲಕ್ಕೇ 10 ಲಕ್ಷ ರೂಪಾಯಿಯ ತನಕ ದಂಡ ಹಾಕಲು ಅವಕಾಶವಿದೆ. ಕಿರು ವೀಡಿಯೋವೂ ಜಾಹೀರಾತೇ.

ಅಡಿಕೆಯ ಬಗ್ಗೆ ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ನಮ್ಮ ಅನ್ನದ ಬೆಳೆಯ ಬಗ್ಗೆ ಇದನ್ನು ಓದುವುದು ಯಾರಿಗೂ ಸುಖವಲ್ಲ. ಆದರೂ “ಆರೋಗ್ಯಕ್ಕೆ ಒಳ್ಳೆಯದು”, “ಜೀರ್ಣಕಾರಿ” ಎಂದು ವೀಡಿಯೋದಲ್ಲಿ ಬರೆಯುವುದು ಗಿರಾಕಿಗೂ ಅನ್ಯಾಯ, ನಮಗೂ ಅಪಾಯ. ಹಾಳೆ ತಟ್ಟೆಯ ಬಗ್ಗೆಯೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಆಕ್ಷೇಪ ಎತ್ತಿದೆ. ಹೊರದೇಶದ ಗಿರಾಕಿಗಳಿಗಾಗಿ ವೀಡಿಯೋ ಮಾಡುವವರು ಇದನ್ನು ತಿಳಿದಿರಬೇಕು. ತಟ್ಟೆಯ ಅಳತೆ, ದಪ್ಪ, ಮಾಡಿದ ಬಗೆ ಇವಿಷ್ಟನ್ನು ತೋರಿಸಿದರೆ ಸಾಕು.

ಲೆಕ್ಕ ಇಡುವುದು

ವೀಡಿಯೋವನ್ನು ಸಾವಿರ ಜನ ನೋಡಿದರೆಂದು ಹಿಗ್ಗುವುದು ಬೇಡ, ನೂರು ಜನ ನೋಡಿದರೆಂದು ಕುಗ್ಗುವುದೂ ಬೇಡ. ನೋಡಿದವರೆಲ್ಲ ಕೊಳ್ಳುವವರಲ್ಲ. ಒಂದು ಪುಸ್ತಕದಲ್ಲಿ ನಾಲ್ಕು ಕಲಂ ಹಾಕಿ: ವೀಡಿಯೋ ಏರಿಸಿದ ದಿನ, ವಿಚಾರಿಸಿದವರ ಸಂಖ್ಯೆ, ಕೊಂಡವರ ಸಂಖ್ಯೆ, ಎರಡನೆಯ ಸಲ ಕೊಂಡವರ ಸಂಖ್ಯೆ. ಈ ನಾಲ್ಕನೆಯದೇ ನಿಜವಾದ ಫಸಲು. ವೀಡಿಯೋ ಗಿರಾಕಿಯನ್ನು ಒಂದು ಸಲ ಕರೆತರಬಲ್ಲದು, ಮತ್ತೊಮ್ಮೆ ಕರೆತರಬೇಕಾದುದು ಪುಡಿಯೇ.

ವಿಚಾರಿಸಿದವರಿಗೆ ಅದೇ ದಿನ ಉತ್ತರ ಕೊಡಿ. ಬೆಲೆಯನ್ನೂ ಸಾಗಣೆ ವೆಚ್ಚವನ್ನೂ ವಿವರಣೆಯಲ್ಲೇ ಬರೆಯಿರಿ. ವಾರಕ್ಕೆ ಇಪ್ಪತ್ತು ಕಿಲೋ ಹುರಿಸುವ ಅನುಕೂಲವಿದ್ದವರು ಇಪ್ಪತ್ತು ಕಿಲೋಗಷ್ಟೇ ಬೇಡಿಕೆ ಒಪ್ಪಿಕೊಳ್ಳಿ. ಉಳಿದವರಿಗೆ ಮುಂದಿನ ವಾರ ಎಂದು ಹೇಳಿ. ತಾಜಾ ಪುಡಿಗಾಗಿ ಒಂದು ವಾರ ಕಾಯುವವನು ಹಳಸಲು ಪುಡಿಯನ್ನು ಮಾತ್ರ ಕ್ಷಮಿಸುವುದಿಲ್ಲ.

ವರ್ಷದ ಪಟ್ಟಿ

ತೋಟದ ಫೋಟೋಗಳನ್ನು ಬೇಕೆಂದಾಗ ತೆಗೆಯಲಾಗದು. ಜೂನ್ ತಿಂಗಳ ಮಳೆಯಲ್ಲಿ ಕಣದ ಫೋಟೋ ಎಲ್ಲಿ ಸಿಕ್ಕೀತು? ಮಾರ್ಚಿ, ಏಪ್ರಿಲ್ ಮಳೆಯ ಬಳಿಕ ಕಾಫಿ ಹೂ. ನವೆಂಬರಿನಿಂದ ಅರೇಬಿಕ ಹಣ್ಣು, ಅದರ ಹಿಂದೆ ರೋಬಸ್ಟ. ಅಡಿಕೆ ಕೊಯ್ಲಿನ ಕಾಲದಲ್ಲಿ ಕೊನೆ ಇಳಿಸುವುದು, ಸುಲಿಯುವುದು, ಒಣಗಿಸುವುದು. ಫೆಬ್ರವರಿ, ಮಾರ್ಚಿಯಲ್ಲಿ ಮೆಣಸಿನ ಕೊಯ್ಲು. ಆಯಾ ಕೆಲಸ ನಡೆಯುವ ದಿನವೇ ಹತ್ತು ನಿಮಿಷ ಬಿಡುವು ಮಾಡಿಕೊಂಡು ನೆಟ್ಟಗೆ ನಾಲ್ಕು, ಅಡ್ಡಕ್ಕೆ ಎರಡು ಫೋಟೋ ತೆಗೆದು ಬೇರೆ ಕಡತದಲ್ಲಿ ಇಟ್ಟುಕೊಳ್ಳಿ. ವರ್ಷ ತುಂಬುವಷ್ಟರಲ್ಲಿ ಹತ್ತು ಹನ್ನೆರಡು ವೀಡಿಯೋಗಳಿಗೆ ಬೇಕಾದ ಸಾಮಗ್ರಿ ಖರ್ಚಿಲ್ಲದೆ ಕೂಡಿರುತ್ತದೆ.

ಇದರಿಂದ ಪೂರ್ತಿ ಬೆಳೆ ಮಾರಾಟವಾದೀತೆಂದು ನಾವು ಹೇಳುವುದಿಲ್ಲ. ಹತ್ತು ಮೂಟೆಯಲ್ಲಿ ಒಂದು ಮೂಟೆಯಾದರೂ ನಮ್ಮ ಹೆಸರಿನಲ್ಲಿ, ನಾವು ನಿಶ್ಚಯಿಸಿದ ದರಕ್ಕೆ ಹೋದರೆ, ಉಳಿದ ಒಂಬತ್ತರ ದರ ಮಾತಾಡುವಾಗ ನಮ್ಮ ಬೆನ್ನು ಸ್ವಲ್ಪ ನೇರವಾಗಿರುತ್ತದೆ. ಫೋಟೋಗಳನ್ನು ಜೋಡಿಸುವಲ್ಲಿ ತೊಡಕು ಕಂಡ ಸದಸ್ಯರು ಮೊಬೈಲು ಸಹಿತ ಕಚೇರಿಯ ವೇಳೆಯಲ್ಲಿ ಬಂದರೆ ಕೂಡಿ ಕುಳಿತು ಮಾಡಬಹುದು. ಬರುವಾಗ ಅಡ್ಡವಾಗಿ ತೆಗೆದ ಕಣದ ಫೋಟೋ ಒಂದನ್ನು ಮರೆಯದೆ ತರಬೇಕಾಗಿ ವಿನಂತಿ.